ಕೊಲೈಟಿಸ್ ಇರುವವರು ಎಂಟನೇ ವರ್ಷವನ್ನು ಬರೆದಿಟ್ಟುಕೊಳ್ಳಿ

ಅಲ್ಸರೇಟಿವ್ ಕೊಲೈಟಿಸ್ ಅಥವಾ ಕ್ರೋನ್ಸ್ ಕಾಯಿಲೆ ಇದೆ ಎಂದು ಡಾಕ್ಟರ್ ಹೇಳಿದ್ದರೆ ಈ ಬರಹ ನಿಮಗಾಗಿ. ಎರಡೂ ಕರುಳಿನಲ್ಲಿ ವರ್ಷಗಟ್ಟಲೆ ಉಳಿಯುವ ಉರಿಯೂತದ ಕಾಯಿಲೆಗಳು. ಮೊದಲನೆಯದು ದೊಡ್ಡ ಕರುಳಿನದು, ಎರಡನೆಯದು ಸಣ್ಣ ಕರುಳಿನಲ್ಲೂ ಬರಬಹುದು. ಮನೆಯಲ್ಲಿ ಯಾರಿಗಾದರೂ ಇದ್ದರೂ ಓದಿ. ನಾನು ಡಾಕ್ಟರ್ ಅಲ್ಲ. ಉಡುಪಿಯ ಕಿನ್ನಿಮುಲ್ಕಿಯಲ್ಲಿ ಮೆಡಿಕಲ್ ಶಾಪ್ ನಡೆಸುವ ಫಾರ್ಮಸಿಸ್ಟ್. ನನ್ನ ತಮ್ಮನಿಗೆ ಕೊಲೈಟಿಸ್ ಇದೆ. ಕೌಂಟರಿನಲ್ಲಿ ನಿಂತು ಈ ಕಾಯಿಲೆಗೆ ಔಷಧಿ ಕೊಟ್ಟೂ ಗೊತ್ತು, ಎಂಡೋಸ್ಕೋಪಿ ಕೋಣೆಯ ಹೊರಗೆ ಕೂತು ಕಾದೂ ಗೊತ್ತು.

ಅಂಗಡಿಗೆ ಬರುವವರು ಹೆಚ್ಚಾಗಿ ಹೇಳುವ ಮಾತು ಇದು: "ಈಗ ಆರಾಮುಂಟು ಅಕ್ಕ, ಮಾತ್ರೆ ಬೇಡ." ನನಗೆ ಹೆದರಿಕೆ ಹುಟ್ಟಿಸುವ ಮಾತೂ ಇದೇ. ಹೊಟ್ಟೆ ಆರಾಮಾಗಿದ್ದಾಗಲೂ ಕರುಳಿನ ಒಳಗೆ ಉರಿಯೂತ ಉಳಿದಿರಬಹುದು. ಹತ್ತಾರು ವರ್ಷ ಹಾಗೆ ಉಳಿದರೆ ಅದರಿಂದ ದೊಡ್ಡ ಕರುಳಿನ ಕ್ಯಾನ್ಸರ್ ಬರುವ ಸಾಧ್ಯತೆ ಜಾಸ್ತಿಯಾಗುತ್ತದೆ. ಶುರುವಿನಲ್ಲಿ ಅದಕ್ಕೆ ನೋವಿಲ್ಲ, ಲಕ್ಷಣ ಇಲ್ಲ. ಆದ್ದರಿಂದ ನೋವಿಗೆ ಕಾಯಬಾರದು, ತಾರೀಕು ನೋಡಿಕೊಂಡು ಹುಡುಕಬೇಕು. ಹೇಗೆ ಎಂದು ಹೇಳುತ್ತೇನೆ.

ಮೊದಲು ಕಾಯಿಲೆ ಯಾವುದು ಎಂದು ಗೊತ್ತಾಗಲಿ

ನಮ್ಮ ಕಡೆ ಮಲದಲ್ಲಿ ರಕ್ತ ಕಂಡರೆ ಮೊದಲು ಬರುವ ಮಾತು 'ಉಷ್ಣ'. ಎರಡನೆಯದು 'ಪೈಲ್ಸ್'. ಒಂದಷ್ಟು ದಿನ ಎಳನೀರು, ಜೀರಿಗೆ ಕಷಾಯ. ಆಮೇಲೆ ಅಂಗಡಿಗೆ ಬಂದು ಒಂದು ಮುಲಾಮು. ಹೆಂಗಸರಂತೂ ಅಂಗಡಿ ಖಾಲಿಯಾಗುವವರೆಗೆ ಕಾಯುತ್ತಾರೆ. ಮತ್ತೆ ಮೆಲ್ಲ ಹತ್ತಿರ ಬಂದು "ಒಂದು ವಿಷಯ ಕೇಳ್ಲಿಕ್ಕುಂಟು" ಅನ್ನುತ್ತಾರೆ. ನಾನು ಕೆಲವು ಪ್ರಶ್ನೆ ಕೇಳುತ್ತೇನೆ. ರಕ್ತದ ಜೊತೆ ಲೋಳೆ ಹೋಗುತ್ತದಾ? ದಿನಕ್ಕೆ ಹಲವು ಸಲ ಅವಸರದಲ್ಲಿ ಓಡಬೇಕಾಗುತ್ತದಾ? ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದಾ? ತೂಕ ಇಳಿದಿದೆಯಾ? ಬರೀ ಪೈಲ್ಸ್ ಆದರೆ ಸಾಮಾನ್ಯವಾಗಿ ಇವೆಲ್ಲ ಇರುವುದಿಲ್ಲ. ಒಂದಕ್ಕೆ ಹೌದು ಎಂದರೂ ಮುಲಾಮು ಕೊಡದೆ ಡಾಕ್ಟರ ಹತ್ತಿರ ಕಳಿಸುತ್ತೇನೆ.

ತಮ್ಮನಿಗೆ ರಕ್ತ ಶುರುವಾದದ್ದು 2008ರಲ್ಲಿ, ದುಬೈನಲ್ಲಿ ಕೆಲಸದಲ್ಲಿದ್ದಾಗ. ಅಲ್ಲಿಯ ಸೆಕೆಗೆ ಹೀಗಾಗಿದೆ ಎಂದುಕೊಂಡ. ಊರಿಗೆ ಬಂದ ಮೇಲೂ ಪೈಲ್ಸ್ ಎಂದೇ ಔಷಧಿ ನಡೆಯಿತು. ಕೊಲನೊಸ್ಕೋಪಿ ಮಾಡಿ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ನಳಿಕೆ ಹಾಕಿ ದೊಡ್ಡ ಕರುಳು ನೋಡಿ, ಅಲ್ಸರೇಟಿವ್ ಕೊಲೈಟಿಸ್ ಎಂದು ಗೊತ್ತಾದದ್ದು 2010ರಲ್ಲಿ. ಈ ಎರಡು ಇಸವಿಗಳ ನಡುವಿನ ಅಂತರ ಮುಂದೆ ಲೆಕ್ಕಕ್ಕೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸುತ್ತೇನೆ. ಐಬಿಎಸ್ ಬೇರೆ, ಐಬಿಡಿ ಬೇರೆ. ಐಬಿಎಸ್‌ನಲ್ಲಿ ಹೊಟ್ಟೆ ಹಿಂಡುತ್ತದೆ, ಮಲ ಒಮ್ಮೆ ಗಟ್ಟಿ ಒಮ್ಮೆ ತೆಳು. ಆದರೆ ಕರುಳಿನಲ್ಲಿ ಹುಣ್ಣು ಇರುವುದಿಲ್ಲ. ಅದರಿಂದ ಕ್ಯಾನ್ಸರ್ ಭಯ ಹೆಚ್ಚುವುದಿಲ್ಲ. ಐಬಿಡಿ ಅಂದರೆ ಕೊಲೈಟಿಸ್ ಮತ್ತು ಕ್ರೋನ್ಸ್. ನಾನು ಬರೆಯುತ್ತಿರುವುದು ಇವುಗಳ ಬಗ್ಗೆ ಮಾತ್ರ. ನಮ್ಮ ದೇಶದಲ್ಲಿ ಕರುಳಿನ ಟಿಬಿ ನೋಡಲು ಹೆಚ್ಚುಕಮ್ಮಿ ಕ್ರೋನ್ಸ್ ಹಾಗೆಯೇ ಇರುತ್ತದೆ. ಅಮೀಬಾದಿಂದಲೂ ರಕ್ತಭೇದಿ ಆಗುತ್ತದೆ. ಆದ್ದರಿಂದ ಕೊಲನೊಸ್ಕೋಪಿ, ಬಯಾಪ್ಸಿ (ಕರುಳಿನ ಚೂರು ತೆಗೆದು ಮಾಡುವ ಪರೀಕ್ಷೆ), ಮಲದ ಪರೀಕ್ಷೆ ಇಲ್ಲದೆ ಯಾರೋ ಊಹೆಯಲ್ಲಿ ಸ್ಟಿರಾಯ್ಡ್ ಬರೆದರೆ ಒಪ್ಪಬೇಡಿ. ಒಳಗೆ ಟಿಬಿ ಇದ್ದರೆ ಸ್ಟಿರಾಯ್ಡ್‌ನಿಂದ ಅದು ಕೆರಳುತ್ತದೆ.

ಉರಿಯೂತ ಕ್ಯಾನ್ಸರ್ ಆಗುವುದು ಹೇಗೆ

ಇದನ್ನು ಅರ್ಥ ಮಾಡಿಕೊಂಡವರು ಮಾತ್ರೆ ಬಿಡುವುದಿಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕರುಳಿನ ಒಳಪದರದ ಜೀವಕೋಶಗಳು ನಾಲ್ಕೈದು ದಿನಕ್ಕೊಮ್ಮೆ ಉದುರಿ ಹೊಸದು ಬರುತ್ತವೆ. ಆರೋಗ್ಯವಂತರಲ್ಲೂ ಹೀಗೆಯೇ. ಕೊಲೈಟಿಸ್‌ನಲ್ಲಿ ದೇಹದ ರಕ್ಷಣಾ ಕಣಗಳು ಈ ಪದರಕ್ಕೆ ನುಗ್ಗಿ ಅಲ್ಲೇ ಕೂತುಬಿಡುತ್ತವೆ. ರೋಗಾಣು ಕೊಲ್ಲಲು ಬಳಸುವ ತೀಕ್ಷ್ಣ ಆಮ್ಲಜನಕ, ಸಾರಜನಕ ಸಂಯುಕ್ತಗಳನ್ನು ಅಲ್ಲಿ ಸುರಿಯುತ್ತವೆ. ಅವುಗಳಿಂದ ಪಕ್ಕದ ಜೀವಕೋಶಗಳ ಡಿಎನ್‌ಎಗೆ ಪೆಟ್ಟು ಬೀಳುತ್ತದೆ. ಹುಣ್ಣಾಗುತ್ತದೆ. ಹುಣ್ಣು ಮುಚ್ಚಲು ಉಳಿದ ಜೀವಕೋಶಗಳು ಗಡಿಬಿಡಿಯಲ್ಲಿ ಒಡೆದು ಎರಡಾಗುತ್ತವೆ. ಮತ್ತೆ ಹುಣ್ಣು, ಮತ್ತೆ ರಿಪೇರಿ.

ಮಲ್ಪೆಯಲ್ಲಿ ಹರಿದ ಬಲೆ ಹೊಲಿಯುವವರನ್ನು ನೋಡಿದ್ದೀರಲ್ಲ? ನಿಧಾನವಾಗಿ ಕೂತು ಹೊಲಿದರೆ ಕಣ್ಣು ಸರಿಯಾಗಿ ಕೂರುತ್ತದೆ. ಅದೇ ಜಾಗ ಮತ್ತೆ ಮತ್ತೆ ಹರಿದು, ಪ್ರತಿ ಸಲ ಅವಸರದಲ್ಲಿ ಹೊಲಿದರೆ ಎಲ್ಲೋ ಒಂದು ಗಂಟು ತಪ್ಪುತ್ತದೆ. ಕರುಳಿನಲ್ಲೂ ಹಾಗೆ ಒಂದು ಜೀವಕೋಶದಲ್ಲಿ ತಪ್ಪು ಉಳಿಯುತ್ತದೆ. ಉರಿಯೂತದ ರಾಸಾಯನಿಕಗಳು ಅದಕ್ಕೆ 'ಬೆಳೆ, ಸಾಯಬೇಡ' ಎಂದು ಸೂಚನೆ ಕೊಡುತ್ತಲೇ ಇರುತ್ತವೆ. ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಎಂಬ ಹೆಸರುಗಳನ್ನು ನೀವು ಕೇಳಿರಬಹುದು. ಅವು ಇವೇ.

ಇನ್ನೊಂದು ವಿಷಯ ತುಂಬಾ ಮುಖ್ಯ. ಎಲ್ಲರಲ್ಲೂ ಬರುವ ಮಾಮೂಲು ಕರುಳಿನ ಕ್ಯಾನ್ಸರ್ ಹೆಚ್ಚಾಗಿ ಪಾಲಿಪ್‌ನಿಂದ ಶುರುವಾಗುತ್ತದೆ. ಪಾಲಿಪ್ ಅಂದರೆ ಉಬ್ಬಿದ ಸಣ್ಣ ಗಂಟು. ಅಲ್ಲಿ ಮೊದಲು ಕೆಡುವುದು ಹೆಚ್ಚಾಗಿ ಎಪಿಸಿ ಎಂಬ ಜೀನ್. ಪಿ53 ಎಂಬ ಕಾವಲು ಜೀನ್ ಕೊನೆಯ ಹಂತದಲ್ಲಿ ಕೆಡುತ್ತದೆ. ಕೊಲೈಟಿಸ್‌ನಲ್ಲಿ ಇದು ತಿರುಗುಮುರುಗು. ಪಿ53 ಬೇಗನೇ ಕೆಡುತ್ತದೆ. ಎಷ್ಟೋ ಸಲ ಕೆಟ್ಟ ಜಾಗ ಉಬ್ಬುವುದೂ ಇಲ್ಲ, ಚಪ್ಪಟೆಯಾಗಿ ಹರಡುತ್ತದೆ. ಈ ಹಂತಕ್ಕೆ ಡಿಸ್‌ಪ್ಲೇಸಿಯಾ ಎನ್ನುತ್ತಾರೆ. ಅದು ಇನ್ನೂ ಕ್ಯಾನ್ಸರ್ ಅಲ್ಲ, ಆದರೆ ಆ ದಾರಿಯಲ್ಲಿದೆ. ಬರಿಗಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಕೊಲೈಟಿಸ್ ಇದ್ದವರಿಗೆ ವಿಶೇಷ ರೀತಿಯ ಕೊಲನೊಸ್ಕೋಪಿ ಬೇಕು ಎನ್ನುವುದು ಇದಕ್ಕೇ.

ಈ ನಂಟು ಗೊತ್ತಾಗಿ ನೂರು ವರ್ಷವಾಯಿತು. 1925ರಲ್ಲೇ ಅಮೆರಿಕದ ಕ್ರೋನ್ ಮತ್ತು ರೋಸೆನ್‌ಬರ್ಗ್ ಎಂಬ ವೈದ್ಯರು ಕೊಲೈಟಿಸ್ ಇದ್ದವರಲ್ಲಿ ಕ್ಯಾನ್ಸರ್ ಕಂಡದ್ದನ್ನು ಬರೆದಿದ್ದಾರೆ. 1932ರ ಬರಹದ ನಂತರ ಮತ್ತೊಂದು ಕಾಯಿಲೆಗೆ ಹೆಸರಾದವರೂ ಇದೇ ಕ್ರೋನ್. 2001ರಲ್ಲಿ ಬ್ರಿಟನ್ನಿನ ವೈದ್ಯರು ಅದುವರೆಗಿನ ಅಧ್ಯಯನಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದರು. ಕಾಯಿಲೆ ಶುರುವಾಗಿ 10 ವರ್ಷಕ್ಕೆ ನೂರರಲ್ಲಿ 2 ಜನರಿಗೆ, 20 ವರ್ಷಕ್ಕೆ 8, 30 ವರ್ಷಕ್ಕೆ 18 ಜನರಿಗೆ ಕ್ಯಾನ್ಸರ್. ಇದನ್ನು ಓದಿ ಕಂಗಾಲಾಗಬೇಡಿ. ಆಮೇಲಿನ ಅಧ್ಯಯನಗಳಲ್ಲಿ ಈ ಸಂಖ್ಯೆ ಸಾಕಷ್ಟು ಕಡಿಮೆ ಬಂದಿದೆ. ಉರಿಯೂತ ಹಿಡಿತಕ್ಕೆ ತರುವ ಒಳ್ಳೆಯ ಔಷಧಿಗಳು, ತಪ್ಪದೆ ಮಾಡುವ ಕೊಲನೊಸ್ಕೋಪಿ ಇದಕ್ಕೆ ಕಾರಣ ಎನ್ನುತ್ತಾರೆ. ಆ ಎರಡೂ ನಿಮಗೂ ಸಿಗುತ್ತವೆ.

ನಿಮ್ಮ ತಾರೀಕು ಲೆಕ್ಕ ಹಾಕಿ

ಕಾಯಿಲೆ ಶುರುವಾದ ಎಂಟನೇ ವರ್ಷಕ್ಕೆ ಕ್ಯಾನ್ಸರ್ ಹುಡುಕುವ ಮೊದಲ ಕೊಲನೊಸ್ಕೋಪಿ ಆಗಬೇಕು. ಎಂಟನ್ನು ಎಣಿಸುವುದು ಲಕ್ಷಣ ಶುರುವಾದ ದಿನದಿಂದ, ಡಾಕ್ಟರ್ ಹೆಸರು ಹೇಳಿದ ದಿನದಿಂದ ಅಲ್ಲ. ನನ್ನ ತಮ್ಮನ ಲೆಕ್ಕ 2008ರಿಂದ. ಹಾಗಾಗಿ 2016ರಲ್ಲಿ ಮಾಡಿಸಿದೆವು. ಫೈಲಿನಲ್ಲಿದ್ದ 2010 ನೋಡಿಕೊಂಡು ಕೂತಿದ್ದರೆ ಎರಡು ವರ್ಷ ಸುಮ್ನೆ ಹೋಗುತ್ತಿತ್ತು. ನಿಮ್ಮ ಫೈಲಿನಲ್ಲೂ ಹೆಚ್ಚಾಗಿ ರೋಗ ಪತ್ತೆಯಾದ ವರ್ಷ ಮಾತ್ರ ಇರುತ್ತದೆ. ಮೊದಲ ಸಲ ರಕ್ತ ಕಂಡದ್ದು ಯಾವಾಗ? ಮದುವೆಗೆ ಮುಂಚೆಯಾ, ಮಗು ಹುಟ್ಟಿದ ಮೇಲಾ, ಯಾವ ಕೆಲಸದಲ್ಲಿದ್ದಾಗ? ಮನೆಯವರ ಜೊತೆ ಕೂತು ನೆನಪು ಮಾಡಿ, ಇಸವಿಯನ್ನು ಫೈಲಿನ ಮೊದಲ ಹಾಳೆಯಲ್ಲಿ ಬರೆಯಿರಿ.

ಎಲ್ಲರಿಗೂ ಅಪಾಯ ಒಂದೇ ಸಮ ಅಲ್ಲ. ಗುದನಾಳದಲ್ಲಿ ಮಾತ್ರ ಉರಿಯೂತ ಇದ್ದರೆ ಅಪಾಯ ಹೆಚ್ಚುಕಮ್ಮಿ ಬೇರೆ ಜನರಷ್ಟೇ. ದೊಡ್ಡ ಕರುಳಿನ ಎಡಭಾಗದಲ್ಲಿದ್ದರೆ ಜಾಸ್ತಿ. ಇಡೀ ದೊಡ್ಡ ಕರುಳಿಗೆ ಹರಡಿದ್ದರೆ ಇನ್ನೂ ಜಾಸ್ತಿ. ಕ್ರೋನ್ಸ್ ಆದರೆ ಅದು ದೊಡ್ಡ ಕರುಳಿನಲ್ಲಿ ಎಷ್ಟಿದೆ ಎಂದು ನೋಡಬೇಕು. ಸಣ್ಣ ಕರುಳಿನಲ್ಲಿ ಮಾತ್ರ ಇದ್ದರೆ ಈ ಲೆಕ್ಕ ಬೇಡ. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ 50 ವಯಸ್ಸಿನ ಒಳಗೆ ಕರುಳಿನ ಕ್ಯಾನ್ಸರ್ ಬಂದಿದ್ದರೆ ಅದನ್ನು ತಪ್ಪದೆ ಹೇಳಿ. ನಮ್ಮಲ್ಲಿ "ಹೊಟ್ಟೆನೋವಿನಲ್ಲಿ ಹೋದರು" ಎಂದು ಬಿಡುತ್ತಾರೆ. ಸ್ವಲ್ಪ ಕೆದಕಿ ಕೇಳಿ.

ಎಂಟನೇ ವರ್ಷದ ಪರೀಕ್ಷೆ ಆದ ಮೇಲೆ ಮುಂದಿನದು ಯಾವಾಗ ಎಂದು ಡಾಕ್ಟರ್ ಹೇಳುತ್ತಾರೆ. ಯುರೋಪಿನ ಪದ್ಧತಿಯಲ್ಲಿ ಅಪಾಯ ಜಾಸ್ತಿ ಇದ್ದವರಿಗೆ ಪ್ರತಿ ವರ್ಷ, ಮಧ್ಯಮ ಇದ್ದವರಿಗೆ 2ರಿಂದ 3 ವರ್ಷಕ್ಕೆ, ಕಡಿಮೆ ಇದ್ದವರಿಗೆ 5 ವರ್ಷಕ್ಕೆ ಒಮ್ಮೆ. ಪಿಎಸ್‌ಸಿ ಎಂಬ ಪಿತ್ತನಾಳದ ಕಾಯಿಲೆ ಜೊತೆಗಿದ್ದರೆ ಮಾತ್ರ ಎಂಟು ವರ್ಷ ಕಾಯುವ ಹಾಗಿಲ್ಲ. ಅದು ಗೊತ್ತಾದ ವರ್ಷದಿಂದಲೇ ಪ್ರತಿ ವರ್ಷ ಕೊಲನೊಸ್ಕೋಪಿ. ಲಿವರ್ ಟೆಸ್ಟ್‌ನಲ್ಲಿ ಎಎಲ್‌ಪಿ ಎಂಬ ಕಿಣ್ವದ ಅಂಕಿ ಸದಾ ಮೇಲಿದ್ದರೆ ಈ ಬಗ್ಗೆ ಕೇಳಿ.

ಮಾತ್ರೆಯ ವಿಷಯ

ಮೆಸಲಮೈನ್ ಮಾತ್ರೆಯನ್ನು ಕಾಯಿಲೆ ಜೋರಾದಾಗ ಮಾತ್ರ ತಿನ್ನುವುದಲ್ಲ. ಅದು ಉರಿಯೂತ ಮತ್ತೆ ಏಳದ ಹಾಗೆ ಹಿಡಿದಿಡುವ ಔಷಧಿ. ಬೆಲೆ ಕಡಿಮೆ ಇಲ್ಲ, ಒಪ್ಪುತ್ತೇನೆ. ಆದರೂ ನಾಲ್ಕರ ಬದಲು ಎರಡು ತಿನ್ನುವುದು, ತಿಂಗಳು ಬಿಟ್ಟು ತಿಂಗಳು ತಿನ್ನುವುದು ಮಾಡಬೇಡಿ. ಕಷ್ಟವಾದರೆ ಡಾಕ್ಟರಿಗೇ ಹೇಳಿ. ಕಡಿಮೆ ಬೆಲೆಯ ಕಂಪನಿ ಬರೆಯಬಹುದು, ಕೆಲವರಿಗೆ ಸಲ್ಫಸಲಜೈನ್‌ಗೆ ಬದಲಿಸಬಹುದು. ಗುದನಾಳದಲ್ಲಿ ಇಡುವ ಮಾತ್ರೆ ಅಥವಾ ಎನಿಮಾ ಬರೆದಿದ್ದರೆ ನಾಚಿಕೆಯಿಂದ ಬಿಡಬೇಡಿ. ಕೆಳಭಾಗದ ಉರಿಯೂತಕ್ಕೆ ಬಾಯಿಯ ಮಾತ್ರೆಗಿಂತ ಅದು ಚೆನ್ನಾಗಿ ತಾಗುತ್ತದೆ.

ಸ್ಟಿರಾಯ್ಡ್ ವಿಷಯದಲ್ಲಿ ನಾನು ಕಟ್ಟುನಿಟ್ಟು. ಪ್ರೆಡ್ನಿಸೊಲೋನ್ ಬೇಗ ಆರಾಮ ಕೊಡುತ್ತದೆ, ಅದಕ್ಕೆ ಜನರಿಗೆ ಇಷ್ಟ. ಹಳೇ ಚೀಟಿ ಹಿಡಿದುಕೊಂಡು ಬರುತ್ತಾರೆ. ಆದರೆ ಅದು ಕಾಯಿಲೆಯನ್ನು ಹಿಡಿದಿಡುವ ಔಷಧಿ ಅಲ್ಲ. ಎಲುಬು ಸವೆಯುತ್ತದೆ, ಶುಗರ್ ಏರುತ್ತದೆ. ವರ್ಷದಲ್ಲಿ ಮತ್ತೆ ಮತ್ತೆ ಸ್ಟಿರಾಯ್ಡ್ ಬೇಕಾಗುತ್ತಿದೆ ಎಂದರೆ ಈಗಿನ ಚಿಕಿತ್ಸೆ ಸಾಲುತ್ತಿಲ್ಲ ಎಂದರ್ಥ. ಮುಂದಿನ ಹಂತದ ಔಷಧಿಗಳ ಬಗ್ಗೆ ಕೇಳುವ ಹೊತ್ತು ಅದು. ಅಜಥಯೊಪ್ರಿನ್, ಟೊಫಾಸಿಟಿನಿಬ್, ಇನ್‌ಫ್ಲಿಕ್ಸಿಮಾಬ್ ಇವೆಲ್ಲ ಈಗ ನಮ್ಮಲ್ಲೂ ಸಿಗುತ್ತವೆ. ಪ್ರತಿಯೊಂದಕ್ಕೂ ಅದರದೇ ರಕ್ತಪರೀಕ್ಷೆ ಇದೆ, ತಪ್ಪಿಸಬೇಡಿ.

ಮಂಡಿನೋವಿಗೆ, ತಲೆನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ನುಂಗುವ ಮೊದಲು ಮೆಡಿಕಲ್‌ನವರಿಗೆ "ನನಗೆ ಕೊಲೈಟಿಸ್ ಉಂಟು" ಎಂದು ಹೇಳಿ. ಕೆಲವರಲ್ಲಿ ಇವು ಕಾಯಿಲೆಯನ್ನು ಕೆರಳಿಸುತ್ತವೆ. ಪ್ಯಾರಾಸಿಟಮಾಲ್ ವಾಸಿ.

ಆರಾಮಿದ್ದಾಗಲೂ ಒಳಗೆ ಉರಿಯೂತ ಇದೆಯೋ ಎಂದು ನೋಡಲು ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಇದೆ. ಒಂದು ಡಬ್ಬಿಯಲ್ಲಿ ಸ್ವಲ್ಪ ಮಲ ಕೊಟ್ಟರೆ ಸಾಕು. ಲಕ್ಷಣ ಇಲ್ಲದ ಕೊಲೈಟಿಸ್ ರೋಗಿಯಲ್ಲಿ ಅದು 150ಕ್ಕಿಂತ ಕಡಿಮೆ ಬಂದರೆ ಕರುಳು ಶಾಂತವಾಗಿದೆ ಎಂದು ಸಾಮಾನ್ಯವಾಗಿ ನಂಬಬಹುದು. ಕೊಲನೊಸ್ಕೋಪಿಗೆ ಇದು ಬದಲಿ ಅಲ್ಲ. ಕ್ಯಾನ್ಸರ್ ಇದೆಯೋ ಇಲ್ಲವೋ ಎಂದು ಇದು ಹೇಳುವುದಿಲ್ಲ.

ಕೊಲನೊಸ್ಕೋಪಿಗೆ ತಯಾರಿ

ಕರುಳು ಪೂರ್ತಿ ಸ್ವಚ್ಛವಾಗಿರಬೇಕು. ಚಪ್ಪಟೆ ಕಲೆಯನ್ನು ಹುಡುಕುವಾಗ ಒಂದು ಚೂರು ಮಲ ಅಡ್ಡ ಬಂದರೂ ತಪ್ಪಿಹೋಗಬಹುದು. ಹಣ ಕೊಟ್ಟು, ರಜೆ ಹಾಕಿ ಹೋದ ಮೇಲೆ "ಸರಿ ಕ್ಲೀನ್ ಆಗಿಲ್ಲ, ಇನ್ನೊಮ್ಮೆ ಬನ್ನಿ" ಅನ್ನಿಸಿಕೊಳ್ಳುವುದು ಬೇಡ ಅಲ್ವಾ?

ಸಾಧ್ಯವಾದರೆ ಕಾಯಿಲೆ ಶಾಂತವಾಗಿರುವ ಸಮಯದಲ್ಲೇ ದಿನ ಹಾಕಿಸಿಕೊಳ್ಳಿ. ಉರಿಯೂತ ಜೋರಿದ್ದಾಗ ಜೀವಕೋಶಗಳು ಹೇಗೂ ವಿಕಾರವಾಗಿ ಕಾಣುತ್ತವೆ. ಡಿಸ್‌ಪ್ಲೇಸಿಯಾ ಹೌದೋ ಅಲ್ಲವೋ ಎಂದು ಹೇಳುವುದು ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡುವ ಡಾಕ್ಟರ್, ಅಂದರೆ ಪೆಥಾಲಜಿಸ್ಟ್‌ಗೂ ಕಷ್ಟ. ಆದರೆ ಕಾಯಿಲೆ ಹಿಡಿತಕ್ಕೇ ಬರದಿದ್ದರೆ ಅದೇ ನೆಪದಲ್ಲಿ ವರ್ಷಗಟ್ಟಲೆ ಮುಂದೂಡಬೇಡಿ. ಇವತ್ತು ಮಾಡುವುದು ಕ್ಯಾನ್ಸರ್ ತಪಾಸಣೆಯ ಕೊಲನೊಸ್ಕೋಪಿ ಎಂದು ಡಾಕ್ಟರ ಹತ್ತಿರ ಮೊದಲೇ ಮಾತಾಡಿ. ಮೀಥಿಲೀನ್ ಬ್ಲೂ ಅಥವಾ ಇಂಡಿಗೊ ಕಾರ್ಮೈನ್ ಎಂಬ ನೀಲಿ ಬಣ್ಣ ಸಿಂಪಡಿಸಿ ನೋಡುವ ವಿಧಾನ ಇದೆ. ಚಪ್ಪಟೆ ಕಲೆಗಳ ಅಂಚು ಅದರಲ್ಲಿ ಎದ್ದು ಕಾಣುತ್ತದೆ. ಅದಿಲ್ಲದಿದ್ದರೆ ಪ್ರತಿ 10 ಸೆಂಟಿಮೀಟರ್‌ಗೆ ನಾಲ್ಕು ಬದಿಯಿಂದ ಚೂರು ತೆಗೆಯುವ ಹಳೆಯ ಕ್ರಮ. ಒಟ್ಟು ಮೂವತ್ತು ದಾಟುತ್ತದೆ. ಅಷ್ಟು ಬಯಾಪ್ಸಿ ನೋಡಿ ಗಾಬರಿಯಾಗಬೇಡಿ.

ಕಬ್ಬಿಣದ ಮಾತ್ರೆ ತಿನ್ನುವವರು ಒಂದು ವಾರ ಮೊದಲೇ ಡಾಕ್ಟರನ್ನು ಕೇಳಿ ನಿಲ್ಲಿಸಿ. ಮಲ ಕಪ್ಪಾಗಿ ಅಂಟಿಕೊಳ್ಳುತ್ತದೆ. ರಕ್ತ ತೆಳು ಮಾಡುವ ಮಾತ್ರೆ, ಶುಗರ್ ಮಾತ್ರೆ, ಇನ್ಸುಲಿನ್ ಇದ್ದರೆ ನೀವಾಗಿ ಏನೂ ಬದಲಿಸಬೇಡಿ, ಕೇಳಿಯೇ ಮಾಡಿ.

ಎರಡು ಮೂರು ದಿನ ಮೊದಲಿಂದ ನಾರಿನ ಅಂಶ ಕಡಿಮೆ ಇರುವ ಊಟ. ನಮ್ಮ ಕರಾವಳಿಯ ಅಡುಗೆಗೆ ಹೇಳುವುದಾದರೆ ಕುಚ್ಚಲಕ್ಕಿ ಬಿಟ್ಟು ಬೆಳ್ತಿಗೆ ಅನ್ನ. ಇಡ್ಲಿ, ನೀರುದೋಸೆ, ಮೊಸರು, ಮೊಟ್ಟೆ ಆಗಬಹುದು. ಮೀನು ತಿನ್ನುವವರು ಕಾಣೆಯಂಥ ಮೆತ್ತಗಿನ ಮೀನು ಬೇಯಿಸಿ ತಿನ್ನಿ. ಬಸಳೆ, ಹರಿವೆ, ಪತ್ರೊಡೆ, ಮಟ್ಟು ಗುಳ್ಳ, ಹಲಸು, ಪೇರಳೆ, ಎಳ್ಳು ಬೇಡ. ಒಗ್ಗರಣೆಯ ಸಾಸಿವೆಯೂ ಬೇಡ. ಸಣ್ಣ ಬೀಜಗಳು ಕರುಳಿನಲ್ಲಿ ಉಳಿದು ಸ್ಕೋಪಿನ ನಳಿಕೆಗೆ ಸಿಕ್ಕಿಕೊಳ್ಳುತ್ತವೆ. ಹಿಂದಿನ ದಿನ ಗಂಜಿತಿಳಿ, ಎಳನೀರು, ಸೋಸಿದ ಲಿಂಬೆ ಶರಬತ್ತಿನಂಥ ತಿಳಿ ಪಾನೀಯ ಮಾತ್ರ. ಮಜ್ಜಿಗೆ ಇಲ್ಲ. ಪುನರ್ಪುಳಿ ಶರಬತ್ತು ಖಂಡಿತ ಕುಡಿಯಬೇಡಿ. ಆ ಕೆಂಪು ಒಳಗೆ ರಕ್ತದ ಹಾಗೆ ಕಾಣುತ್ತದೆ.

ಭೇದಿಗೆ ಕೊಡುವುದು ಹೆಚ್ಚಾಗಿ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ. ಪ್ಯಾಕೆಟ್ಟಿನ ಮೇಲೆ ಬರೆದಷ್ಟೇ ನೀರು ಅಳೆದು ಕಲಸಿ. ರುಚಿಗೆ ಸಕ್ಕರೆ ಹಾಕಬೇಡಿ. ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿದರೆ ಉಪ್ಪುಪ್ಪು ರುಚಿ ಅಷ್ಟು ಗೊತ್ತಾಗುವುದಿಲ್ಲ. ಹತ್ತು ಹದಿನೈದು ನಿಮಿಷಕ್ಕೊಂದು ಲೋಟ. ಅರ್ಧ ಹಿಂದಿನ ಸಂಜೆ, ಉಳಿದರ್ಧ ಪರೀಕ್ಷೆಗೆ 4ರಿಂದ 6 ಗಂಟೆ ಮೊದಲು ಕುಡಿಯುವ ಕ್ರಮ ಒಳ್ಳೆಯದು. ಎಲ್ಲವನ್ನೂ ಹಿಂದಿನ ರಾತ್ರಿಯೇ ಮುಗಿಸಿದರೆ ಬೆಳಿಗ್ಗೆ ಹೊತ್ತಿಗೆ ಕರುಳಿನಲ್ಲಿ ಮತ್ತೆ ಅಂಟು ದ್ರವ ಸೇರಿರುತ್ತದೆ. ಬಾಯಿಗೆ ಏನೂ ಹಾಕದೆ ಇರಬೇಕಾದ ಸಮಯ ಆಸ್ಪತ್ರೆಯವರು ಹೇಳಿದ ಹಾಗೆ. ಕೊನೆಗೆ ಮೂತ್ರದ ಹಾಗೆ ತಿಳಿ ಹಳದಿ ನೀರು ಹೋದರೆ ತಯಾರಿ ಸರಿಯಾಗಿದೆ. ಸೋಡಿಯಂ ಫಾಸ್ಫೇಟ್ ಇರುವ ಔಷಧಿ ಕೊಟ್ಟರೆ ಕೊಲೈಟಿಸ್ ವಿಷಯ ನೆನಪಿಸಿ. ಅದರಿಂದ ಕರುಳಿನಲ್ಲಿ ಸಣ್ಣ ಹುಣ್ಣು ಆಗಿ, ಕಾಯಿಲೆಯ ಹುಣ್ಣಿನ ಹಾಗೆ ಕಾಣಬಹುದು.

ಬೈಂದೂರು, ಕುಂದಾಪುರ ಕಡೆಯಿಂದ ಮಣಿಪಾಲಕ್ಕೋ ಮಂಗಳೂರಿಗೋ ಬರುವವರಿಗೆ ಬೆಳಗಿನ ಡೋಸ್ ಕುಡಿದು ಬಸ್ಸಿನಲ್ಲಿ ಕೂರಲು ಆಗುವುದಿಲ್ಲ. ಮಧ್ಯಾಹ್ನದ ಸಮಯ ಕೊಡಿ ಎಂದು ಕೇಳಿ, ಇಲ್ಲವೇ ಹಿಂದಿನ ದಿನವೇ ಬಂದು ಆಸ್ಪತ್ರೆ ಹತ್ತಿರ ಉಳಿಯಿರಿ. ಪದೇ ಪದೇ ತೊಳೆದು ಚರ್ಮ ಉರಿಯುತ್ತದೆ, ಮೊದಲೇ ತೆಂಗಿನೆಣ್ಣೆ ಹಚ್ಚಿಕೊಳ್ಳಿ. ಮಂಪರಿನ ಇಂಜೆಕ್ಷನ್ ಕೊಡುವುದರಿಂದ ಜೊತೆಗೆ ಒಬ್ಬರು ಬೇಕೇ ಬೇಕು. ಆ ದಿನ ಸ್ಕೂಟರ್ ಓಡಿಸಬೇಡಿ.

ರಿಪೋರ್ಟ್ ಬಂದ ಮೇಲೆ

ಬಯಾಪ್ಸಿ ರಿಪೋರ್ಟ್‌ನಲ್ಲಿ ಡಿಸ್‌ಪ್ಲೇಸಿಯಾ ಎಂಬ ಪದ ಹುಡುಕಿ. 'ನೆಗೆಟಿವ್' ಎಂದರೆ ಇಲ್ಲ. 'ಇನ್‌ಡೆಫಿನಿಟ್' ಎಂದರೆ ಹೇಳಲಾಗುತ್ತಿಲ್ಲ. ತಮ್ಮನ ರಿಪೋರ್ಟ್‌ನಲ್ಲಿ ಒಮ್ಮೆ ಇದೇ ಬಂತು. ಮನೆಯಲ್ಲಿ ಯಾರೂ ಸರಿ ಊಟ ಮಾಡಲಿಲ್ಲ. ಅವನ ಉರಿಯೂತ ಆಗ ಪೂರ್ತಿ ಇಳಿದಿರಲಿಲ್ಲ. ಡಾಕ್ಟರ್ ಔಷಧಿ ಏರಿಸಿದರು, ಕೆಲವು ತಿಂಗಳು ಬಿಟ್ಟು ಮತ್ತೆ ನೋಡಿದರು. ನೆಗೆಟಿವ್ ಬಂತು. ಎಲ್ಲರಿಗೂ ಹೀಗೇ ಆಗುತ್ತದೆ ಎಂದು ಮಾತು ಕೊಡಲಾರೆ. ಆದರೆ ಈ ಪದ ಕಂಡ ಕೂಡಲೇ ಕ್ಯಾನ್ಸರ್ ಎಂದು ತಿಳಿಯಬೇಡಿ, ಮತ್ತೆ ನೋಡುವುದನ್ನೂ ತಪ್ಪಿಸಬೇಡಿ.

'ಲೋ ಗ್ರೇಡ್' ಅಥವಾ 'ಹೈ ಗ್ರೇಡ್' ಡಿಸ್‌ಪ್ಲೇಸಿಯಾ ಎಂದಿದ್ದರೆ, ಅದೇ ಸ್ಲೈಡನ್ನು ಕರುಳಿನ ಕಾಯಿಲೆಯಲ್ಲಿ ಅನುಭವ ಇರುವ ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸಿ. ಇದು ಯಾರ ಮೇಲೂ ಅಪನಂಬಿಕೆ ಅಲ್ಲ, ಹಾಗೇ ಮಾಡಬೇಕೆಂಬ ನಿಯಮವೇ ಇದೆ. ಕಣ್ಣಿಗೆ ಕಾಣುವ, ಅಂಚು ಸ್ಪಷ್ಟ ಇರುವ ಗಂಟಾದರೆ ಸ್ಕೋಪಿನಲ್ಲೇ ಪೂರ್ತಿ ತೆಗೆದು, ಆಮೇಲೆ ಬೇಗ ಬೇಗ ನೋಡುತ್ತಿರಬಹುದು. ತೆಗೆಯಲು ಆಗದ್ದು, ಹಲವು ಕಡೆ ಇರುವುದು, ಕಣ್ಣಿಗೇ ಕಾಣದ ಹೈ ಗ್ರೇಡ್ ಆದರೆ ದೊಡ್ಡ ಕರುಳನ್ನೇ ತೆಗೆಯುವ ಆಪರೇಷನ್ ಮಾತು ಬರುತ್ತದೆ. ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಸಣ್ಣ ಕರುಳಿನಿಂದಲೇ ಒಳಗೆ ಒಂದು ಚೀಲ ಮಾಡಿ ಕೂರಿಸಲು ಹಲವರಲ್ಲಿ ಆಗುತ್ತದೆ. ಹೊಟ್ಟೆಯ ಹೊರಗೆ ಕಟ್ಟುವ ಚೀಲ ಅವರಿಗೆ ಕೆಲವು ತಿಂಗಳು ಮಾತ್ರ. ಈ ಮಾತು ಕೇಳಿ ಓಡಿಹೋಗಿ, ನಾಟಿ ಮದ್ದು ಹುಡುಕುತ್ತಾ ಆರು ತಿಂಗಳು ಕಳೆಯಬೇಡಿ. ಕೇಳಿಕೊಳ್ಳುತ್ತೇನೆ.

ಮುಂದಿನ ತಾರೀಕು ದೂರ ಇದ್ದರೂ ಕೆಲವು ಬದಲಾವಣೆಗೆ ಕಾಯಬಾರದು. ಸದಾ ಭೇದಿ ಇದ್ದವರಿಗೆ ಹೊಸದಾಗಿ ಮಲಬದ್ಧತೆ. ಮಲ ಸಪೂರವಾಗಿ ಬರುವುದು. ಕಾಯಿಲೆ ಶಾಂತವಿದ್ದೂ ಹಿಮೋಗ್ಲೋಬಿನ್ ಇಳಿಯುವುದು, ತೂಕ ಇಳಿಯುವುದು. ಇವುಗಳಲ್ಲಿ ಒಂದು ಕಂಡರೂ ಅದೇ ವಾರ ಡಾಕ್ಟರನ್ನು ನೋಡಿ.

ಫೈಲಿನಲ್ಲಿ ಇವು ಇರಲಿ: ಲಕ್ಷಣ ಶುರುವಾದ ಇಸವಿ, ಉರಿಯೂತ ಎಲ್ಲಿಯವರೆಗೆ ಹರಡಿದೆ ಎಂಬುದು, ಎಲ್ಲ ಕೊಲನೊಸ್ಕೋಪಿ ಮತ್ತು ಬಯಾಪ್ಸಿ ರಿಪೋರ್ಟ್‌ಗಳು, ಮುಂದಿನ ತಾರೀಕು. ಊರು ಅಥವಾ ಡಾಕ್ಟರ್ ಬದಲಿಸುವಾಗ ಲ್ಯಾಬಿನಿಂದ ಬಯಾಪ್ಸಿಯ ಸ್ಲೈಡ್ ಮತ್ತು ಬ್ಲಾಕ್ (ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿಟ್ಟದ್ದು) ಕೇಳಿ ಪಡೆಯಬಹುದು. ಮೇಣದ ಬ್ಲಾಕನ್ನು ಬಿಸಿಲು ಬೀಳುವ ಜಾಗದಲ್ಲಿ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಕರಗುತ್ತದೆ.